ಜಗಳ ಕನ್ನಡದಲ್ಲಿ, ಕೌನ್ಸೆಲಿಂಗ್ ಮಾತ್ರ ಇಂಗ್ಲಿಷಿನಲ್ಲಿ!

"ಬೇಜಾರು" ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಹೇಳಿ ನೋಡೋಣ. ಭಾನುವಾರ ಮಧ್ಯಾಹ್ನ ಕರೆಂಟ್ ಹೋದರೂ ಬೇಜಾರು, ಅಪ್ಪ ಫೋನಿನಲ್ಲಿ ಸರಿಯಾಗಿ ಮಾತಾಡದಿದ್ದರೂ ಬೇಜಾರು, ಹತ್ತಿರದವರು ಸತ್ತರೂ ಬೇಜಾರೇ. ಬೋರು, ನೋವು, ದುಃಖ ಎಲ್ಲ ಒಂದೇ ಪದದಲ್ಲಿ. ಯಾವ ಬೇಜಾರು ಅನ್ನೋದು ನಮಗೆ ದನಿಯಲ್ಲೇ ಗೊತ್ತಾಗಿಬಿಡುತ್ತೆ. ಇದನ್ನೇ ಐವತ್ತು ನಿಮಿಷದ ವೀಡಿಯೋ ಕಾಲಿನಲ್ಲಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕು ಅಂದ್ರೆ?

ನಾನಿರೋದು ತಣಿಸಂದ್ರದಲ್ಲಿ. ಮಾನ್ಯತಾ ಟೆಕ್ ಪಾರ್ಕ್ ಪಕ್ಕದಲ್ಲೇ ಇರೋದರಿಂದ ಇಲ್ಲಿ ನನ್ನಂಥ ಸಾಫ್ಟ್‌ವೇರ್ ಮಂದಿಗೆ ಕೊರತೆ ಇಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯಲ್ಲಿ ಮಾತು ನಿಂತು ಮೂರು ವಾರ ಆಗಿತ್ತು. ಕಂಪನಿಯ ಇನ್ಶೂರೆನ್ಸಿನಲ್ಲಿ ಕೌನ್ಸೆಲಿಂಗ್ ಫ್ರೀ ಇತ್ತು, ಫೋನ್ ಮಾಡಿದೆ. ಕನ್ನಡ ಬರೋ ಕೌನ್ಸೆಲರ್ ಬೇಕು ಅಂದೆ. ಬಂದ ಉತ್ತರ: "ಸರ್, ನೀವು ಇಂಜಿನಿಯರ್ ಅಲ್ವಾ, ಇಂಗ್ಲಿಷ್ ಓಕೆ ತಾನೇ?"

ಓಕೆ ಅಲ್ಲ ಸ್ವಾಮಿ!

ನನ್ನ ಇಂಗ್ಲಿಷ್ ಇರೋದು ಬಿಲ್ಡ್ ಯಾಕೆ ಫೇಲ್ ಆಯ್ತು ಅಂತ ಹೇಳೋಕೆ. ಹೆಂಡತಿಯ ಹತ್ತಿರ ನಾನು ಜಗಳ ಆಡೋದು ಕನ್ನಡದಲ್ಲಿ, ರಾಜಿ ಆಗಬೇಕಾದ್ದೂ ಕನ್ನಡದಲ್ಲೇ. ಸೋಷಿಯಲ್ ಸ್ಕಿಲ್ಸ್ ಟ್ರೈನಿಂಗ್ ಅಂದರೆ ಉಪದೇಶ ಅಲ್ಲ, ತಾಲೀಮು. ಕೌನ್ಸೆಲರ್ ನಿಮ್ಮ ಅಮ್ಮನೋ ಮ್ಯಾನೇಜರೋ ಆಗಿ ಎದುರು ಕೂರ್ತಾರೆ, ನೀವು ಮಾತಾಡ್ತೀರಿ, ಎಲ್ಲಿ ಎಡವಿದಿರಿ ಅಂತ ತೋರಿಸ್ತಾರೆ, ಮತ್ತೆ ಮಾತಾಡ್ತೀರಿ. ಆಮೇಲೆ ಮನೆಯಲ್ಲಿ ನಿಜವಾಗಿ ಮಾಡಿ ಬನ್ನಿ ಅಂತ ಹೋಮ್‌ವರ್ಕ್. ಕನ್ನಡ ನಾಟಕಕ್ಕೆ ಇಂಗ್ಲಿಷಿನಲ್ಲಿ ತಾಲೀಮು ಮಾಡಿಸಿ ರಂಗದ ಮೇಲೆ ತಳ್ಳಿದರೆ ಏನಾಗುತ್ತೆ? ನೀನು ಅನ್ನಬೇಕಾ ನೀವು ಅನ್ನಬೇಕಾ, ಅತ್ತೆಗೆ "ಆಗಲ್ಲ" ಅನ್ನೋದನ್ನು ಮುಖ ಮುರಿಯದೆ ಹೇಗೆ ಹೇಳೋದು... ನಮ್ಮ ಅರ್ಧ ತೊಂದರೆ ಇರೋದೇ ಅಲ್ಲಿ. ಇಂಗ್ಲಿಷಿನ ಒಂದೇ ಒಂದು "ಯೂ" ಇಟ್ಟುಕೊಂಡು ಅದನ್ನು ಕಲಿಸೋಕೆ ಆಗಲ್ಲ.

"ಮಾತಾಡೋಕೂ ಟ್ರೈನಿಂಗಾ? ಕಾಲ ಕಳೆದರೆ ಎಲ್ಲ ಸರಿಹೋಗುತ್ತೆ" ಅನ್ನೋ ಹಿರಿಯರಿಗೆ ಒಂದು ಕಥೆ. ಅಮೆರಿಕದ ಆಲ್ಬರ್ಟ್ ಎಲ್ಲಿಸ್ ಹತ್ತೊಂಬತ್ತು ವರ್ಷದವನಿದ್ದಾಗ ಹುಡುಗಿಯರ ಹತ್ತಿರ ಮಾತಾಡೋಕೆ ಭಯಂಕರ ಸಂಕೋಚ. ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನದಲ್ಲಿ ಒಂದು ತಿಂಗಳು ಕೂತು, ಒಂಟಿಯಾಗಿ ಬಂದ ಹೆಂಗಸರ ಜೊತೆ ಮಾತು ಶುರುಮಾಡಿದ. ನೂರು ಜನರ ಹತ್ತಿರ ಮಾತಾಡಿದೆ, ಸಿಗೋಣ ಅಂತ ಒಪ್ಪಿದ್ದು ಒಬ್ಬಳೇ, ಅವಳೂ ಬರಲಿಲ್ಲ ಅಂತ ಮುಂದೆ ಅವನೇ ಹೇಳಿಕೊಂಡಿದ್ದಾನೆ :-) ಆದರೆ ಭಯ ಹೋಯ್ತು. 1950ರ ದಶಕದಲ್ಲಿ ಅವನೇ ಹೊಸ ಮನೋಚಿಕಿತ್ಸೆಯೊಂದನ್ನು ಕಟ್ಟಿದ. ಸಂಕೋಚ ಹೋಗೋದು ಕಾಲದಿಂದಲ್ಲ, ಅಭ್ಯಾಸದಿಂದ. ಗಮನಿಸಿ, ಅವನು ಅಭ್ಯಾಸ ಮಾಡಿದ್ದು ತನ್ನ ಊರಿನಲ್ಲಿ, ತನ್ನ ಭಾಷೆಯಲ್ಲಿ.

ಇನ್ನು ಕನ್ನಡದಲ್ಲಿ ಇದಕ್ಕೆಲ್ಲ ಪದ ಎಲ್ಲಿದೆ ಅನ್ನೋ ಬುದ್ಧಿವಂತರು. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಖಿನ್ನತೆ, ಆತಂಕ, ದಾಂಪತ್ಯ ಅಂತ ಹಳ್ಳಿಯವರಿಗೂ ಅರ್ಥವಾಗೋ ಕನ್ನಡದಲ್ಲಿ ಬರೆದರು. ಪದ ಇದೆ. ಬಳಸೋ ಮನಸ್ಸಿಲ್ಲ.

ಕಾನೂನು ಏನನ್ನುತ್ತೆ ಗೊತ್ತಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಚಿಕಿತ್ಸೆಗೆ ಒಪ್ಪಿಗೆ ಪಡೆಯೋ ಮೊದಲು ನಮಗೆ ಅರ್ಥವಾಗೋ ಭಾಷೆಯಲ್ಲೇ ಮಾಹಿತಿ ಕೊಡಬೇಕು. ಸರಿ, ಒಪ್ಪಿಗೆಗೆ ನಮ್ಮ ಭಾಷೆ ಬೇಕು. ಮಾತೇ ಔಷಧಿಯಾಗಿರೋ ಚಿಕಿತ್ಸೆಗೆ ಮಾತ್ರ ಬೇಡವಾ? ಸರ್ಕಾರಕ್ಕೆ ಇದು ಗೊತ್ತಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ಕಾಸಿಲ್ಲದೆ. ಆದರೆ ವಾರ ವಾರ ಕೂತು ತಾಲೀಮು ಮಾಡೋಕೆ ಫೋನ್ ಕಾಲೊಂದೇ ಸಾಲದು. ನಿಮ್ಹಾನ್ಸ್ ಇರೋದು ಹೊಸೂರು ರಸ್ತೆಯಲ್ಲಿ, ಇಲ್ಲಿಂದ ಸುಮಾರು 15 ಕಿಲೋಮೀಟರ್. ನಾಗವಾರ ಜಂಕ್ಷನ್ ದಾಟೋದರಲ್ಲೇ ಅರ್ಧ ತಾಳ್ಮೆ ಖರ್ಚು!

ಇದು ಕನ್ನಡದ ಒಣ ಅಭಿಮಾನ ಅಂದ್ಕೋಬೇಡಿ. ನಮ್ಮ ಬೀದಿಯಲ್ಲಿ ಉರ್ದು, ತೆಲುಗು, ತಮಿಳು ಮನೆಗಳೂ ಇವೆ. ಅವರು ಅಳೋದೂ ಇಂಗ್ಲಿಷಿನಲ್ಲಲ್ಲ. ಕಂಪನಿಗಳು ಕೌನ್ಸೆಲರ್ ಹೆಸರಿನ ಮುಂದೆ ಡಿಗ್ರಿ ಹಾಕೋ ಹಾಗೆ ಬರೋ ಭಾಷೆಗಳನ್ನೂ ಹಾಕಲಿ. ನಾವು ಬುಕ್ ಮಾಡೋವಾಗ ಮೊದಲ ಪ್ರಶ್ನೆಯಾಗಿ ಅದನ್ನೇ ಕೇಳೋಣ, ಇಲ್ಲ ಅಂದರೆ ಎಚ್ಚಾರ್‌ಗೆ ಬರೆಯೋಣ. ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ಸಿಗುತ್ತೆ. ಮಸಾಲೆ ದೋಸೆಗೆ ಚಟ್ನಿ ಕಮ್ಮಿಯಾದರೆ ಜಗಳ ಆಡೋ ನಾವು, ಸಂಸಾರ ಉಳಿಸೋ ಮಾತಿಗೆ ಇಷ್ಟೂ ಕೇಳಬಾರದಾ?

ಏನಂತೀರಿ?