ಮನೆಯೊಳಗಿನ ಬಂಡೆ

ಏರುವುದು ಮಕ್ಕಳಿಗೆ ಸಹಜವಾದ ಕ್ರಿಯೆ. ನಡೆಯಲು ಕಲಿಯುವ ಮೊದಲೇ ಕೂಸು ಹೊಸ್ತಿಲನ್ನು ದಾಟುತ್ತದೆ. ಕಾಲು ಗಟ್ಟಿಯಾದೊಡನೆ ಕಿಟಕಿಯ ಸರಳನ್ನು ಹಿಡಿಯುತ್ತದೆ. ಮುಂದೆ ಸೀಬೆಮರ, ಹುಣಿಸೆಮರ. ಆದರೆ ಹಿರಿಯರು ಇದಕ್ಕೆ ಬೇಗನೆ ತಡೆಯೊಡ್ಡುತ್ತಾರೆ. ಹುಡುಗನಿಗೆ 'ಜೋಪಾನ' ಎನ್ನುವವರು ಹುಡುಗಿಗೆ 'ಇಳಿ' ಎನ್ನುತ್ತಾರೆ. ಬೆಂಗಳೂರಿನ ಅಂಚಿನಲ್ಲಿ ಬೆಳೆಯುತ್ತಿರುವ ಹೊಸಕೋಟೆಯಂತಹ ಊರುಗಳಲ್ಲಿ ಮರವಿದ್ದ ಹಿತ್ತಿಲುಗಳೂ ವಿರಳವಾಗುತ್ತಿವೆ. ಏರಲು ತಕ್ಕ ಬಂಡೆಗಳು ಬೇಕೆಂದರೆ ಅಲ್ಲಿಯವರು ಕೋಲಾರದ ಅಂತರಗಂಗೆಯ ಬೆಟ್ಟಕ್ಕೋ ರಾಮನಗರಕ್ಕೋ ಪಯಣಿಸಬೇಕು. ಹೀಗಿರುವಾಗ, ಮನೆಯೊಳಗೇ ಒಂದು ಏರುಗೋಡೆಯನ್ನು ನಿರ್ಮಿಸಿಕೊಳ್ಳುವ ವಿಚಾರವು ಮೊದಲು ಕೇಳಿದಾಗ ತೋರುವಷ್ಟು ವಿಚಿತ್ರವಾದುದಲ್ಲ.

ಹಗ್ಗದ ನೆರವಿಲ್ಲದೆ, ತೀರ ಎತ್ತರವಲ್ಲದ ಗುಂಡುಕಲ್ಲುಗಳನ್ನು ಏರುವ ಕ್ರೀಡೆಗೆ ಬೌಲ್ಡರಿಂಗ್ ಎಂದು ಹೆಸರು. ಪ್ಯಾರಿಸ್ ನಗರದ ಸಮೀಪದ ಫಾಂಟೆನ್‌ಬ್ಲೋ ಅರಣ್ಯದ ಬಂಡೆಗಳ ಮೇಲೆ ಪರ್ವತಾರೋಹಿಗಳು 19ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಇದನ್ನು ಅಭ್ಯಾಸ ಮಾಡುತ್ತಿದ್ದರು. ಇಂದು ನಮ್ಮ ಹಂಪೆಯ ಬಂಡೆಗಳನ್ನು ಅರಸಿಕೊಂಡು ದೂರದೇಶಗಳ ಆರೋಹಿಗಳು ಬರುತ್ತಾರೆ. ಬಂಡೆಯನ್ನು ಸೂರಿನಡಿಗೆ ತಂದವರಲ್ಲಿ ಒಬ್ಬ ಅಧ್ಯಾಪಕರ ಹೆಸರು ಮುಖ್ಯವಾದುದು. 1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣವನ್ನು ಬೋಧಿಸುತ್ತಿದ್ದ ಡಾನ್ ರಾಬಿನ್ಸನ್ ಅವರು ಕಾರಿಡಾರಿನ ಗೋಡೆಯಲ್ಲಿ ಕಲ್ಲಿನ ತುಂಡುಗಳನ್ನು ಕೂರಿಸಿದರು. ಕಾರಿಡಾರಿನಲ್ಲಿ ಓಡಬೇಡಿರೆಂದು ಗದರಿಸುವ ಅಧ್ಯಾಪಕರು ಎಲ್ಲೆಡೆಯೂ ಇದ್ದಾರೆ. ಅದರ ಗೋಡೆಯನ್ನೇ ಏರಿರೆಂದವರು ಅಪರೂಪ!

ಮನೆಯ ಗೋಡೆಗೆ ಬೇಕಾಗುವುದು ಬಲವಾದ ಚೌಕಟ್ಟು, ಅದಕ್ಕೆ ಬಿಗಿದ ದಪ್ಪನೆಯ ಪ್ಲೈವುಡ್ ಹಲಗೆ, ಬೋಲ್ಟಿನಿಂದ ಬಿಗಿಯುವ ಮರದ ಅಥವಾ ರಾಳದ ಹಿಡಿಗಳು, ನೆಲದ ಮೇಲೆ ದಪ್ಪ ಮೆತ್ತೆ. ಎಂಟು ಅಡಿಯ ಗೋಡೆಯಲ್ಲಿ ಏರುವುದೇನಿದೆ ಎಂದು ನಗುವವರುಂಟು. ಹಲಗೆಯನ್ನು ಸ್ವಲ್ಪ ಮುಂದಕ್ಕೆ ವಾಲಿಸಿ ನಿಲ್ಲಿಸಿದರೆ ಆ ನಗು ಅಡಗುತ್ತದೆ. ಇಂತಿಂತಹ ಹಿಡಿಗಳನ್ನು ಮಾತ್ರ ಬಳಸತಕ್ಕದ್ದು ಎಂದು ಮೊದಲೇ ಗೊತ್ತುಮಾಡಿಕೊಂಡ ದಾರಿಗೆ ಈ ಕ್ರೀಡೆಯಲ್ಲಿ 'ಸಮಸ್ಯೆ' ಎಂದೇ ಹೆಸರು. ಗಣಿತದ ಸಮಸ್ಯೆಯಂತೆ ಇದನ್ನೂ ಬಿಡಿಸಬೇಕು. ಹೊಸಬರು ತೋಳ್ಬಲದಿಂದ ಮೈಯನ್ನು ಮೇಲಕ್ಕೆಳೆಯಲು ಹೆಣಗುತ್ತಾರೆ. ಮುಂಗೈ ಬಿಗಿದುಕೊಂಡು, ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಬಲ್ಲವರಾದರೋ ತೋಳನ್ನು ನೀಳವಾಗಿರಿಸಿ, ಸೊಂಟವನ್ನು ಗೋಡೆಯ ಬಳಿಗೆ ತಂದು, ಕಾಲಿನಿಂದ ಮೇಲೇಳುತ್ತಾರೆ. ಉಡದ ಪಟ್ಟು ಒಂದೇ ಇಲ್ಲಿ ಸಾಲದು.

ಆದರೆ ಈ ಗೋಡೆಯ ನಿಜವಾದ ಬೆಲೆಯು, ಇಲ್ಲಿ ಬೀಳಲು ಅನುಮತಿಯುಂಟು ಎಂಬುದರಲ್ಲಿದೆ. ಪರೀಕ್ಷೆಯಲ್ಲಿ ಒಮ್ಮೆ ಎಡವಿದರೆ ಅದು ಅಂಕಪಟ್ಟಿಯಲ್ಲಿ ಉಳಿಯುತ್ತದೆ. ಗೋಡೆಯ ಮೇಲೆ ಒಂದೇ ಹಿಡಿಯಲ್ಲಿ ಇಪ್ಪತ್ತು ಸಲ ಜಾರಿದರೂ ಯಾರೂ ಬರೆದಿಡುವುದಿಲ್ಲ. ಇಪ್ಪತ್ತೊಂದನೆಯ ಸಲ ಪಾದವನ್ನು ಒಂದಂಗುಲ ತಿರುಗಿಸಿದಾಗ ಕೈ ನಿಂತುಬಿಡಬಹುದು. ಬೀಳುವುದಕ್ಕೂ ಕ್ರಮವಿದೆ: ಎರಡೂ ಪಾದಗಳನ್ನೂರಿ, ಮೊಣಕಾಲನ್ನು ಮಡಿಸಿ, ಹಾಗೆಯೇ ಬೆನ್ನಿನ ಮೇಲೆ ಹೊರಳಬೇಕು, ಕೈಯನ್ನು ಹಿಂದಕ್ಕೆ ಊರಕೂಡದು. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರಿ 'ಕೋತಿರಾಜ' ಎಂದು ಹೆಸರಾದ ಜ್ಯೋತಿರಾಜ್ ಅವರನ್ನು ಕಂಡು ಬೆರಗಾಗುವುದು ಉಚಿತವೇ. ಆದರೆ ಅಂತಹ ಎತ್ತರದಲ್ಲಿ ಎರಡನೆಯ ಯತ್ನವೆಂಬುದಿಲ್ಲ.

ಹುಡುಗಿಯರ ಪಾಲಿಗೆ ಈ ಗೋಡೆಯಿಂದ ಆಗುವ ಲಾಭ ಇನ್ನೂ ದೊಡ್ಡದು. ಹದಿಮೂರು ಹದಿನಾಲ್ಕರ ವಯಸ್ಸಿಗೆ ಮರದಿಂದ ಇಳಿಸಲ್ಪಟ್ಟವಳಿಗೆ ಅದು ತನ್ನ ಮನೆಯಲ್ಲಿಯೇ ಮರಳಿ ದೊರೆಯುತ್ತದೆ. ನೋಡುವವರಿಲ್ಲ, ನಗುವವರಿಲ್ಲ. ಅಣ್ಣ ತೋಳಿನಿಂದ ಗೆಲ್ಲಲಾರದ ಸಮಸ್ಯೆಯನ್ನು ತಂಗಿ ಸಮತೋಲದಿಂದ ಬಿಡಿಸುವುದು ಅಸಾಧ್ಯವೇನಲ್ಲ. ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಆರೋಹಣ ಕ್ರೀಡೆಯು ಮೊದಲ ಬಾರಿಗೆ ಅದರಲ್ಲಿ ಸೇರಿತು. ಅಲ್ಲಿಯೂ, 2024ರಲ್ಲಿ ಪ್ಯಾರಿಸ್ಸಿನಲ್ಲಿಯೂ ಮಹಿಳೆಯರ ಸಂಯುಕ್ತ ಸ್ಪರ್ಧೆಯ ಸ್ವರ್ಣಪದಕವನ್ನು ಪಡೆದವರು ಸ್ಲೊವೇನಿಯವೆಂಬ ಪುಟ್ಟ ದೇಶದ ಯಾನ್ಯಾ ಗಾರ್ನ್‌ಬ್ರೆಟ್. ಮಗಳ ಹೆಸರಿನಲ್ಲಿ ಒಡವೆ ಮಾಡಿಸುವ ತಂದೆತಾಯಿಗಳು ಒಂದು ಹಲಗೆಯ ಖರ್ಚಿಗೆ ಹಿಂಜರಿಯಬೇಕಿಲ್ಲ.

ಎಚ್ಚರಿಕೆಯೂ ಅವಶ್ಯಕ. ಸ್ಥಳವಿದೆಯೆಂದು ತಾರಸಿಯ ಅಂಚಿನಲ್ಲಿ ಗೋಡೆಯನ್ನು ನಿಲ್ಲಿಸುವುದು ಅವಿವೇಕ. ತೆಳುವಾದ ಇಟ್ಟಿಗೆ ಗೋಡೆಗೆ ಬರಿಯ ಮೊಳೆ ಹೊಡೆದು ಹಲಗೆಯನ್ನು ತೂಗುಹಾಕುವುದೂ ಅಷ್ಟೇ ಅವಿವೇಕ. ಬೆಳೆಯುವ ವಯಸ್ಸಿನವರ ಬೆರಳಿನ ಮೂಳೆಗಳ ತುದಿಗಳಲ್ಲಿ ಇನ್ನೂ ಗಟ್ಟಿಗೊಳ್ಳದ ಭಾಗಗಳಿರುತ್ತವೆ. ಚಿಕ್ಕ ಹಿಡಿಗಳಿಗೆ ದಿನವೂ ಜೋತುಬಿದ್ದರೆ ಅವು ಬಿರುಕು ಬಿಡಬಹುದು. ದೊಡ್ಡ ಹಿಡಿಗಳು, ನಡುನಡುವೆ ವಿಶ್ರಾಂತಿಯ ದಿನ, ಬೆರಳಿನ ಗೆಣ್ಣು ನೋಯತೊಡಗಿದರೆ ಕೂಡಲೇ ನಿಲ್ಲಿಸುವ ಸಂಯಮ, ಇವಿಷ್ಟು ಒಂಬತ್ತನೆಯ ತರಗತಿಯವರಿಗೆ ಕಡ್ಡಾಯವಾಗಬೇಕು.

ಬಯಲಿನ ಬಂಡೆಗೆ ಮನೆಯ ಗೋಡೆಯು ಪರ್ಯಾಯವೆಂದು ತಿಳಿಯಲಾಗದು. ಅನುಭವಿಗಳ ಜೊತೆಯಲ್ಲಿ, ಇಲ್ಲವೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂತಹ ಸಂಸ್ಥೆಯ ಶಿಬಿರದಲ್ಲಿ, ಮೊದಲ ಸಲ ನಿಜವಾದ ಬಂಡೆಯ ಮುಂದೆ ನಿಂತವರಿಗೆ ಅಲ್ಲಿ ಬಣ್ಣದ ಹಿಡಿಗಳು ಕಾಣುವುದಿಲ್ಲ. ಸಮಸ್ಯೆಯನ್ನು ಗೊತ್ತುಮಾಡಿಟ್ಟವರೂ ಇರುವುದಿಲ್ಲ. ಬಿಸಿಲಿಗೆ ಕಾದ ಒರಟು ಕಲ್ಲಿನ ಮೇಲೆ ಬೆರಳಾಡಿಸುತ್ತ, ಹಿಡಿಯಬಹುದಾದ ಬಿರುಕೊಂದನ್ನು ಅವರೇ ಹುಡುಕಿಕೊಳ್ಳಬೇಕು.