ಮುಂಜಾನೆಯ ಹೊಗೆ

ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು ಬೆಟ್ಟದ ಮೇಲಿನ ಹೊಗೆ. ಅಡುಗೆಮನೆಯ ಒಲೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಕಂಡವನು, ದೂರದ ಬೆಟ್ಟದಲ್ಲಿ ಹೊಗೆಯೆದ್ದರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುತ್ತಾನೆ. ಈ ಉದಾಹರಣೆ ಎಲ್ಲರೂ ಬಲ್ಲದ್ದೇ. ಆದರೆ ಆ ತಾರ್ಕಿಕರೇ ಸೇರಿಸಿದ ಇನ್ನೊಂದು ಮಾತು ಅಷ್ಟಾಗಿ ಪ್ರಚಾರದಲ್ಲಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಒಲೆಯಲ್ಲಿ ಹಸಿ ಸೌದೆಯಿರಬೇಕು. ಇದನ್ನೇ ಅವರು ಉಪಾಧಿ ಎಂದರು.

ಹಳೆಯ ಮೋಟಾರುಗಾಡಿಯ ಒಡೆಯನಿಗೆ ಈ ಎರಡನೆಯ ಮಾತೇ ಹೆಚ್ಚು ಉಪಯುಕ್ತ. ಎಂಜಿನ್ನಿನೊಳಗೆ ಬೆಂಕಿಯಿರುವುದು ಸಹಜ. ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಸೈಲೆನ್ಸರಿನಿಂದ ಹೊಗೆಯ ಮೋಡವೆದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಆ ಬೆಂಕಿಗೆ ಬಿದ್ದ ಹಸಿ ಸೌದೆ ಯಾವುದು?

ಈ ಪ್ರಶ್ನೆ ಇಂದು ಅನೇಕ ಸಂಸಾರಗಳ ಅಂಗಳಕ್ಕೇ ಬಂದಿದೆ. ಫಿಯೆಟ್ ಸಂಸ್ಥೆ ರೂಪಿಸಿದ 1,248 ಸಿ.ಸಿ. ಡೀಸೆಲ್ ಎಂಜಿನ್ 2007ರಲ್ಲಿ ಮಾರುತಿ ಸ್ವಿಫ್ಟ್‌ನಲ್ಲಿಯೂ, 2008ರಲ್ಲಿ ಟಾಟಾ ಇಂಡಿಕಾ ವಿಸ್ಟಾದಲ್ಲಿಯೂ, 2009ರಲ್ಲಿ ಫಿಯೆಟ್ ಪುಂಟೊದಲ್ಲಿಯೂ ಭಾರತದ ರಸ್ತೆಗಿಳಿಯಿತು. ಅದರೊಡನೆ ಟರ್ಬೊ ಎಂಬ ಶಬ್ದವೂ ಮಧ್ಯಮವರ್ಗದ ಮನೆಮಾತಾಯಿತು. 2020ರ ಏಪ್ರಿಲ್‌ನಿಂದ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಆದರೆ ಹಳೆಯ ಗಾಡಿಗಳು ತಂದೆಯಿಂದ ಮಗನಿಗೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಬಂದು ಇನ್ನೂ ಓಡುತ್ತಿವೆ. 15 ವರ್ಷ ತುಂಬಿದ ಗಾಡಿ ನೋಂದಣಿಯ ನವೀಕರಣಕ್ಕಾಗಿ ಪರೀಕ್ಷೆಗೆ ನಿಲ್ಲಬೇಕು. ಅಂಥ ಹೊತ್ತಿನಲ್ಲಿ ಹೊಗೆ ಕಂಡರೆ ಮನೆಯವರಿಗೆ ದಿಗಿಲಾಗುವುದು ಸ್ವಾಭಾವಿಕ. ಗ್ಯಾರೇಜಿನಲ್ಲಿ “ಟರ್ಬೊ ಹೋಗಿದೆ ಸ್ವಾಮಿ” ಎಂಬ ಮಾತು ಬಿದ್ದರಂತೂ ತಿಂಗಳ ಖರ್ಚಿನ ಲೆಕ್ಕವೇ ತಲೆಕೆಳಗಾಗುತ್ತದೆ.

ಟರ್ಬೊದ ಮೇಲೆ ಮೊದಲ ಗುಮಾನಿ ಬರಲು ಕಾರಣವಿಲ್ಲದಿಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರು 1905ರಲ್ಲಿ ಪೇಟೆಂಟು ಪಡೆದ ಉಪಾಯ ಇದು. ವ್ಯರ್ಥವಾಗಿ ಹೊರಬೀಳುವ ಬಿಸಿ ಗಾಳಿಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು. ಸಣ್ಣ ಗಾಡಿಯ ಟರ್ಬೊ ನಿಮಿಷಕ್ಕೆ 2,00,000 ಸುತ್ತುಗಳವರೆಗೂ ತಿರುಗಬಲ್ಲದು. ಆ ಅಚ್ಚು ಎಣ್ಣೆಯ ತೆಳು ಪೊರೆಯ ಮೇಲೆ ತೇಲುತ್ತಿರುತ್ತದೆ. ಎಣ್ಣೆ ಅಲ್ಲಿಂದ ದಾಟಿ ಬಂದರೆ ಹೊಗೆ ಬರುವುದು ದಿಟ. ಆದರೆ ಎಣ್ಣೆಗೆ ಬೇರೆ ದಾರಿಗಳೂ ಇವೆ; ಹೊಗೆಗೆ ಎಣ್ಣೆಯಲ್ಲದೆ ಬೇರೆ ಕಾರಣಗಳೂ ಇವೆ.

ಆದುದರಿಂದ ಹೊಗೆಯನ್ನೇ ಸಾಕ್ಷಿಗೆ ಕರೆದು ನಾಲ್ಕು ಪ್ರಶ್ನೆ ಕೇಳತಕ್ಕದ್ದು: ಬಣ್ಣವೇನು, ವಾಸನೆಯೇನು, ಬರುವ ಸಮಯ ಯಾವುದು, ಎಷ್ಟು ಹೊತ್ತು ಇರುತ್ತದೆ? ಗಾಡಿ ರಾತ್ರಿಯೆಲ್ಲ ನಿಂತು ಪೂರ್ತಿ ತಣ್ಣಗಾಗಿರಬೇಕು, ಬಯಲಿನಲ್ಲಿರಬೇಕು. ಒಬ್ಬರು ಕೀಲಿ ತಿರುಗಿಸಲಿ. ಇನ್ನೊಬ್ಬರು ಹಿಂದೆ, ಒಂದು ಬದಿಗೆ ಸರಿದು ನಿಂತು, ಗಡಿಯಾರ ನೋಡಲಿ. ಮುಚ್ಚಿದ ಷೆಡ್ಡಿನಲ್ಲಿ ಈ ಪರೀಕ್ಷೆ ಸರ್ವಥಾ ಕೂಡದು. ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೆ ಹೆಚ್ಚು ಅಪಾಯಕರ.

ಬಿಳಿಯ ಹೊಗೆಯಲ್ಲಿ ಮೂರು ಬಗೆ. ಚಳಿಯ ಬೆಳಗಿನಲ್ಲಿ ತೆಳ್ಳಗೆದ್ದು, ವಾಸನೆಯಿಲ್ಲದೆ ಗಾಳಿಯಲ್ಲಿ ಕರಗಿ, ಎಂಜಿನ್ ಬಿಸಿಯಾದಂತೆ ಮಾಯವಾಗುವುದು ಬರಿಯ ನೀರಾವಿ. ಅದಕ್ಕೆ ಚಿಕಿತ್ಸೆ ಬೇಡ. ಕಣ್ಣು ಉರಿಸುತ್ತ, ಡೀಸೆಲಿನ ವಾಸನೆ ಬೀರುತ್ತ, ಎಂಜಿನ್ನಿನ ನಡುಕದೊಡನೆ ಬರುವುದು ಸುಡದೆ ಉಳಿದ ಡೀಸೆಲ್. ತಣ್ಣಗಿನ ಎಂಜಿನ್ನಿಗೆ ಶಾಖ ಕೊಡುವ ಗ್ಲೋ ಪ್ಲಗ್ಗುಗಳಲ್ಲೊಂದು ಕೆಟ್ಟಿರಬಹುದು, ಇಂಜೆಕ್ಟರು ತೊಟ್ಟಿಕ್ಕುತ್ತಿರಬಹುದು, ಅಥವಾ ಕಂಪ್ರೆಷನ್ ತಗ್ಗಿರಬಹುದು. ಗ್ಲೋ ಪ್ಲಗ್ಗಿನ ಪರೀಕ್ಷೆ ಸುಲಭ, ಮೊದಲು ಅದಾಗಲಿ. ಮೂರನೆಯದು ಸಿಹಿವಾಸನೆಯ ದಟ್ಟ ಬಿಳಿ ಹೊಗೆ; ಗಾಡಿ ಬಿಸಿಯಾದ ಮೇಲೂ ನಿಲ್ಲದು. ಕೂಲೆಂಟ್ ಒಳಗೆ ಸೋರಿ ಸುಡುತ್ತಿದೆಯೆಂಬ ಸೂಚನೆ ಇದು. ಹೆಡ್ ಗ್ಯಾಸ್ಕೆಟ್ ಒಡೆದಿರುವ ಸಂಭವವುಂಟು. ಕೂಲೆಂಟ್ ಡಬ್ಬಿಯ ಮೇಲೆ ಗೆರೆಯೆಳೆದು ದಿನವೂ ಬೆಳಿಗ್ಗೆ ಮಟ್ಟ ನೋಡಿದರೆ ಸತ್ಯ ಹೊರಬೀಳುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಬಾರದು. ಮಟ್ಟ ಇಳಿಯುತ್ತಿರುವುದು ಖಚಿತವಾದರೆ ಗಾಡಿಯನ್ನು ಓಡಿಸುವುದೇ ಬೇಡ.

ನೀಲಿಯ ಹೊಗೆ ಎಣ್ಣೆಯದು. ಸೈಲೆನ್ಸರಿನಿಂದ ತುಸು ದೂರದಲ್ಲಿ ಬಿಳಿಯ ಬಟ್ಟೆಯೊಂದನ್ನು ಹಿಡಿದರೆ ನೀರಿನ ಕಲೆ ಒಣಗುತ್ತದೆ, ಎಣ್ಣೆಯ ಜಿಡ್ಡು ಉಳಿಯುತ್ತದೆ. ಇಲ್ಲಿ ಸಮಯವೇ ದೊಡ್ಡ ಸಾಕ್ಷಿ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಒಮ್ಮೆ ನೀಲಿ ಮೋಡ ಬಿಟ್ಟು ಸ್ವಲ್ಪ ಹೊತ್ತಿನಲ್ಲೇ ಶುದ್ಧವಾದರೆ ವಾಲ್ವ್ ಸೀಲುಗಳನ್ನು ಶಂಕಿಸಬೇಕು. ವರ್ಷಗಳ ಶಾಖಕ್ಕೆ ಗಟ್ಟಿಯಾದ ಆ ಪುಟ್ಟ ರಬ್ಬರ್ ಬಳೆಗಳ ಸಂದಿನಿಂದ ಎಣ್ಣೆ ರಾತ್ರಿಯೆಲ್ಲ ತೊಟ್ಟಿಕ್ಕಿರುತ್ತದೆ. ಎಂಜಿನ್ ಬಿಸಿಯಾದ ಮೇಲೂ, ದಾರಿಯುದ್ದಕ್ಕೂ ಹೊಗೆ ಹಿಂಬಾಲಿಸಿದರೆ ಪಿಸ್ಟನ್ ರಿಂಗುಗಳ ಸವೆತವನ್ನು ನೆನೆಯಬೇಕು. ಕಂಪ್ರೆಷನ್ ಪರೀಕ್ಷೆ ಅದನ್ನು ತಿಳಿಸುತ್ತದೆ. ಸಿಗ್ನಲಿನಲ್ಲಿ ಬಹಳ ಹೊತ್ತು ನಿಂತು ಮುಂದಕ್ಕೆ ಹೊರಟಾಗ ನೀಲಿ ಮೋಡ ಎದ್ದರೆ ಟರ್ಬೊದ ವಿಚಾರಣೆಗೆ ಆಧಾರವುಂಟು. ಆದರೂ ವಾಲ್ವ್ ಸೀಲುಗಳನ್ನು ಆಗಲೂ ಪೂರ್ತಿ ಬಿಟ್ಟುಬಿಡುವಂತಿಲ್ಲ.

ಕಪ್ಪು ಹೊಗೆ ಗಾಳಿಗಿಂತ ಇಂಧನ ಹೆಚ್ಚಾದುದರ ಗುರುತು. ಕೊಳೆತುಂಬಿದ ಏರ್ ಫಿಲ್ಟರ್, ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಕೊಳವೆಯ ಬಿರುಕು, ಸರಿಯಾಗಿ ಕೆಲಸ ಮಾಡದ ಇಂಜೆಕ್ಟರು, ಇವು ಸಾಮಾನ್ಯ ಕಾರಣಗಳು.

ಟರ್ಬೊವನ್ನು ವಿಚಾರಿಸುವಾಗಲೂ ನ್ಯಾಯ ತಪ್ಪಬಾರದು. ಕೊಳವೆ ಬಿಚ್ಚಿ, ಒಳಗಿನ ಎಣ್ಣೆಯ ಜಿಡ್ಡನ್ನು ಬೆರಳಿಗೆ ಹತ್ತಿಸಿ ತೋರಿಸಿದ ಮಾತ್ರಕ್ಕೆ ತಪ್ಪು ಸಿದ್ಧವಾಗುವುದಿಲ್ಲ. ಎಂಜಿನ್ನಿನ ಬ್ರೀದರ್ ಕೊಳವೆಯಿಂದ ಬರುವ ಎಣ್ಣೆಯ ಆವಿ ಅಷ್ಟು ಜಿಡ್ಡನ್ನು ಅಲ್ಲಿ ಬಿಡುವುದು ವಾಡಿಕೆ. ಅಚ್ಚು ಪಕ್ಕಕ್ಕೆ ತುಸು ಅಲುಗಾಡುವುದೂ ಸಹಜವೇ, ಅದು ಎಣ್ಣೆಯ ಮೇಲೆ ತೇಲುವ ಅಚ್ಚು. ಹಿಂದಕ್ಕೆ ಮುಂದಕ್ಕೆ ಕೈಗೆ ಗೊತ್ತಾಗುವಷ್ಟು ಆಡಿದರೆ, ಅಥವಾ ರೆಕ್ಕೆಗಳು ಗೂಡಿನ ಗೋಡೆಗೆ ಉಜ್ಜಿದ ಗುರುತಿದ್ದರೆ, ಆಗ ತೀರ್ಪು ಕೊಡಬಹುದು.

ಇಷ್ಟಾದರೂ ಒಂದು ಮುಖ್ಯ ವಿಷಯ ಉಳಿಯಿತು. ಟರ್ಬೊಗೆ ಎಣ್ಣೆ ಒತ್ತಡದಿಂದ ಬರುತ್ತದೆ. ಮರಳಿ ಹೋಗುವುದು ಮಾತ್ರ ತನ್ನ ಭಾರದಿಂದಲೇ. ಕೆಳಗಿಳಿಯುವ ಕೊಳವೆ ಕಿಟ್ಟ ಕಟ್ಟಿದ್ದರೆ, ಅಥವಾ ಬ್ರೀದರ್ ಮುಚ್ಚಿಕೊಂಡು ಎಂಜಿನ್ನಿನ ಹೊಟ್ಟೆಯಲ್ಲಿ ಒತ್ತಡ ಏರಿದ್ದರೆ, ಎಣ್ಣೆ ಇಳಿಯಲಾರದೆ ಸೀಲುಗಳನ್ನು ದಾಟಿ ಹರಿಯುತ್ತದೆ. ಆಗ ಹೊಸ ಟರ್ಬೊ ಹಾಕಿದರೂ ಹೊಗೆ ಹೋಗುವುದಿಲ್ಲ, ಹಣ ಹೋಗುತ್ತದೆ. ಆದ್ದರಿಂದ ಆ ಕೊಳವೆಯನ್ನೂ ಬ್ರೀದರನ್ನೂ ಏರ್ ಫಿಲ್ಟರನ್ನೂ ನೋಡದೆ ಟರ್ಬೊ ಬದಲಿಸಲು ಒಪ್ಪಬಾರದು.

ಹಾಗೆಂದು ನಿಜವಾಗಿ ಕೆಟ್ಟ ಟರ್ಬೊವನ್ನು ಅಲಕ್ಷಿಸುವುದೂ ಜಾಣತನವಲ್ಲ. ಎಣ್ಣೆ ಧಾರಾಳವಾಗಿ ಒಳನುಗ್ಗಿದರೆ ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಉರಿಸಿಕೊಂಡು, ಕೀಲಿ ತೆಗೆದರೂ ನಿಲ್ಲದೆ, ಹುಚ್ಚು ವೇಗದಲ್ಲಿ ತಿರುಗತೊಡಗುವುದುಂಟು. ಕೈಗೇರಿನ ಗಾಡಿಯಾದರೆ ಬ್ರೇಕನ್ನು ಬಲವಾಗಿ ಒತ್ತಿ, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ಬಿಟ್ಟರೆ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಡಿಪ್‌ಸ್ಟಿಕ್ಕಿನ ಎಣ್ಣೆ ವೇಗವಾಗಿ ಇಳಿಯುವುದೂ ನೀಲಿ ಹೊಗೆ ದಿನೇ ದಿನೇ ಹೆಚ್ಚುವುದೂ ಈ ಅವಘಡಕ್ಕೆ ಮುನ್ಸೂಚನೆ.

ಮನೆಯ ಲೆಕ್ಕದ ಪುಸ್ತಕದಲ್ಲಿ ಹಾಲಿನ ಬಾಬ್ತಿಗೆ ಒಂದು ಪುಟವಿರುವಂತೆ ಗಾಡಿಗೂ ಒಂದು ಪುಟವಿರಲಿ: ತಾರೀಖು, ಓಡಿದ ಕಿಲೋಮೀಟರು, ಎಣ್ಣೆಯ ಮಟ್ಟ, ಕೂಲೆಂಟ್ ಮಟ್ಟ, ಹೊಗೆಯ ಬಣ್ಣ, ಎಷ್ಟು ಸೆಕೆಂಡು. ಹತ್ತು ದಿನ ಹೀಗೆ ಬರೆದುಕೊಂಡು ಗ್ಯಾರೇಜಿಗೆ ಹೋದವನ ಮುಂದೆ ಮೆಕ್ಯಾನಿಕ್ಕನೂ ಊಹೆಯ ಮಾತಾಡಲು ಹಿಂಜರಿಯುತ್ತಾನೆ. ಪ್ರಾಮಾಣಿಕನಾದವನಿಗೆ ಅರ್ಧ ಕೆಲಸ ಹಗುರವಾಗುತ್ತದೆ. ಜೊತೆಗೆ ಎರಡು ಅಭ್ಯಾಸಗಳಿರಲಿ. ಗಾಡಿ ಹೊರಟ ಕೂಡಲೇ ಎಂಜಿನ್ನನ್ನು ರೇಗಿಸದಿರುವುದು; ಎಣ್ಣೆ ಟರ್ಬೊವನ್ನು ತಲುಪಲು ಕೆಲವು ಕ್ಷಣಗಳಾದರೂ ಬೇಕು. ವೇಗದ ಪ್ರಯಾಣ ಮುಗಿಸಿ ಬಂದಾಗ ಒಂದು ನಿಮಿಷ ತಣಿಯಗೊಟ್ಟು ಆಮೇಲೆ ನಿಲ್ಲಿಸುವುದು. ಇಲ್ಲವಾದರೆ ಕಾದ ಅಚ್ಚಿನ ಸುತ್ತಲಿನ ಎಣ್ಣೆ ಅಲ್ಲೇ ಸುಟ್ಟು ಇದ್ದಲಾಗುತ್ತದೆ. ಇಷ್ಟು ತಾಳ್ಮೆಗೆ ಬೆಲೆ ತೆರಬೇಕಾದ್ದಿಲ್ಲ. ಅದನ್ನು ಬಿಟ್ಟರೆ ತೆರಬೇಕಾದೀತು.