ಝುಕೋ ಬಾಗಿಲು ತಟ್ಟಿದಾಗ

ನಮ್ಮ ಮನೆಯ ಟಿ.ವಿ. ರಿಮೋಟ್‌ಗೆ ಮೂವರು ವಾರಸುದಾರರು. ಸಂಜೆ ಏಳರಿಂದ ಒಂಬತ್ತರವರೆಗೆ ಅತ್ತೆಯವರ ಧಾರಾವಾಹಿ, ಆಮೇಲೆ ನನ್ನ ಸುದ್ದಿ, ರಜಾದಿನ ಪೂರ್ತಿ ಎಂಟನೇ ಕ್ಲಾಸಿನ ಮಗನದು. ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಒಬ್ಬರು ನೋಡಿದ್ದನ್ನು ಉಳಿದವರೂ ನೋಡಲೇಬೇಕು, ಬೇರೆ ದಾರಿಯಿಲ್ಲ. ಹಾಗೆ ಈ ಮಳೆಗಾಲದಲ್ಲಿ ಮಗನ ಪಾಳಿಯಲ್ಲಿ ಶುರುವಾದದ್ದು ‘ಅವತಾರ್: ದ ಲಾಸ್ಟ್ ಏರ್‌ಬೆಂಡರ್’. ಮೊದಲ ವಾರ ನಾನು ಸೊಪ್ಪು ಬಿಡಿಸುತ್ತ ಅರ್ಧಕಣ್ಣಲ್ಲಿ ನೋಡಿದೆ. ಎರಡನೇ ವಾರ ಸೊಪ್ಪು ಮರೆತುಹೋಯಿತು. ಮೂರನೇ ವಾರ ಅತ್ತೆ ತಮ್ಮ ಧಾರಾವಾಹಿಯ ಒಂದು ಕಂತನ್ನೇ ಬಿಟ್ಟುಕೊಟ್ಟರು. ಇದು ಸಣ್ಣ ತ್ಯಾಗವಲ್ಲ.

ಇದು ಹೊಸ ಸರಣಿಯೇನಲ್ಲ. ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್ಕೊ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿದ್ದು. 2005ರಿಂದ 2008ರವರೆಗೆ ನಿಕಲೋಡಿಯನ್ ವಾಹಿನಿಯಲ್ಲಿ ಬಂತು. ಮೂರು ಭಾಗ, ಒಟ್ಟು 61 ಕಂತು. ಕತೆಯ ಲೋಕದಲ್ಲಿ ನಾಲ್ಕು ನಾಡುಗಳು: ನೀರು, ಭೂಮಿ, ಬೆಂಕಿ, ಗಾಳಿ. ನಮ್ಮ ಪಂಚಭೂತಗಳಲ್ಲಿ ಆಕಾಶ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಇಲ್ಲಿದೆ. ಒಂದೊಂದು ನಾಡಿನ ಕೆಲವರಿಗೆ ಆಯಾ ಭೂತವನ್ನು ತಮ್ಮ ಚಲನೆಯಿಂದಲೇ ಆಡಿಸುವ ವಿದ್ಯೆ ಗೊತ್ತು. ನಾಲ್ಕನ್ನೂ ಬಲ್ಲವನು ಅವತಾರ್ ಒಬ್ಬನೇ, ಅವನು ಜನ್ಮದಿಂದ ಜನ್ಮಕ್ಕೆ ಮರುಹುಟ್ಟು ಪಡೆಯುತ್ತಾನೆ. ಈಗಿನ ಅವತಾರ್ ಆಂಗ್ ಎಂಬ ಹನ್ನೆರಡರ ಹುಡುಗ. ನೂರು ವರ್ಷ ಮಂಜುಗಡ್ಡೆಯೊಳಗೆ ಸಿಕ್ಕಿಬಿದ್ದು ಹೊರಬರುವಷ್ಟರಲ್ಲಿ ಬೆಂಕಿನಾಡು ಅವನ ಗಾಳಿನಾಡಿನ ಜನರನ್ನೆಲ್ಲ ನಿರ್ನಾಮ ಮಾಡಿ ಉಳಿದ ನಾಡುಗಳ ಮೇಲೆ ಯುದ್ಧ ನಡೆಸುತ್ತಿದೆ.

ಇಷ್ಟೇ ಆಗಿದ್ದರೆ ಒಳ್ಳೆಯವರು ಕೆಟ್ಟವರನ್ನು ಸೋಲಿಸುವ ಇನ್ನೊಂದು ಕಾರ್ಟೂನ್ ಆಗುತ್ತಿತ್ತು. ನಮ್ಮನ್ನು ಕಟ್ಟಿಹಾಕಿದ್ದು ಝುಕೋ.

ಝುಕೋ ಬೆಂಕಿನಾಡಿನ ರಾಜಕುಮಾರ, ವಯಸ್ಸು ಹದಿನಾರು. ಮುಖದ ಎಡಭಾಗದಲ್ಲಿ ದೊಡ್ಡ ಸುಟ್ಟ ಗಾಯದ ಕಲೆ, ಬಾಯಲ್ಲಿ ಸದಾ ಕಿರುಚಾಟ. ಅವತಾರ್‌ನನ್ನು ಹಿಡಿದು ತಂದರೆ ಮಾತ್ರ ಅರಮನೆಗೆ ಪ್ರವೇಶ ಎಂದು ಅಪ್ಪ ಗಡೀಪಾರು ಮಾಡಿದ್ದಾನೆ. ಮೊದಲ ಕೆಲವು ಕಂತುಗಳಲ್ಲಿ ಅವನು ಬಂದಾಗಲೆಲ್ಲ ಅತ್ತೆ “ಬಂದ, ಬೊಬ್ಬೆ ಹೊಡೆಯುವವ” ಅನ್ನುತ್ತಿದ್ದರು. ಹನ್ನೆರಡನೇ ಕಂತಿನಲ್ಲಿ ಆ ಕಲೆಯ ಕತೆ ಬಂತು. ಯುದ್ಧಸಭೆಯಲ್ಲಿ ಒಬ್ಬ ಸೇನಾಪತಿ ಹೊಸದಾಗಿ ಸೇರಿದ ಸೈನಿಕರನ್ನು ಎರೆಯಾಗಿ ಬಲಿಕೊಡುವ ಯೋಜನೆ ಹೇಳುತ್ತಾನೆ. ಹದಿಮೂರರ ಝುಕೋ ಅದನ್ನು ವಿರೋಧಿಸುತ್ತಾನೆ. ಸಭೆಯಲ್ಲಿ ಬಾಯಿ ಹಾಕಿದ ತಪ್ಪಿಗೆ ದ್ವಂದ್ವಯುದ್ಧದ ಶಿಕ್ಷೆ. ಸೇನಾಪತಿಯೊಂದಿಗೆ ಕಾದಬೇಕು ಅಂದುಕೊಂಡು ಕಣಕ್ಕಿಳಿದು ತಿರುಗಿ ನೋಡಿದರೆ ಎದುರಿಗೆ ನಿಂತವನು ಸ್ವಂತ ಅಪ್ಪ. ಹುಡುಗ ಮಂಡಿಯೂರಿ ಕ್ಷಮೆ ಕೇಳುತ್ತಾನೆ. ಅಪ್ಪ ಅವನ ಮುಖ ಸುಡುತ್ತಾನೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇವ ನಮ್ಮ ಕರ್ಣನ ಹಾಗೆ ಉಂಟಲ್ಲ ಮಾರಾಯ್ತಿ” ಅಂದರು.

ಅತ್ತೆ ಹಾಗೆ ಅನ್ನುವುದಕ್ಕೆ ಕಾರಣವಿದೆ. ನಮ್ಮ ಮಾವನವರು ಹಗಲು ಹೊಟೇಲಿನ ಗಲ್ಲಾ ನೋಡಿಕೊಂಡು, ರಾತ್ರಿ ಇಲ್ಲಿನ ಹವ್ಯಾಸಿ ಬಳಗದ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಅಲ್ಲಿ ಕೌರವನ ಅರ್ಥ ಹೇಳುವವರು ‘ನಾನು ದುಷ್ಟ’ ಎಂದು ಒಪ್ಪಿಕೊಂಡು ಕೂರುವುದಿಲ್ಲ. ತನ್ನ ನ್ಯಾಯವನ್ನು ಎಷ್ಟು ಗಟ್ಟಿಯಾಗಿ ಮಂಡಿಸುತ್ತಾರೆಂದರೆ, ಆ ರಾತ್ರಿಯ ಮಟ್ಟಿಗೆ ಕೃಷ್ಣನೇ ತಡವರಿಸಬೇಕು. ಅದನ್ನು ಕೇಳಿ ಬೆಳೆದವರಿಗೆ ‘ವಿಲನ್’ ಅನ್ನುವ ಮಾತು ಸಾಕಾಗುವುದಿಲ್ಲ.

ಈ ಸರಣಿಯ ಸೆಳೆತವೂ ಅದೇ ಜಾತಿಯದು. ಇಲ್ಲಿ ಪ್ರತಿಯೊಬ್ಬರಿಗೂ ಅವರವರ ಅರ್ಥ ಹೇಳಲು ಅವಕಾಶವಿದೆ. ಜೆಟ್ ಎಂಬ ಹುಡುಗ ಬೆಂಕಿನಾಡಿನ ದಾಳಿಯಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡವನು, ಆ ಸಿಟ್ಟಿನಲ್ಲಿ ಒಂದಿಡೀ ಊರನ್ನೇ ನೀರಲ್ಲಿ ಮುಳುಗಿಸಲು ಹೊರಡುತ್ತಾನೆ. ಹಾಮಾ ಎಂಬ ಮುದುಕಿ ಶತ್ರುವಿನ ಸೆರೆಮನೆಯಲ್ಲಿ ನರಳಿದವಳು, ಹೊರಬಂದ ಮೇಲೆ ಏನೂ ಮಾಡದ ಹಳ್ಳಿಗರನ್ನು ಹಿಡಿದು ಕೂಡಿಹಾಕುತ್ತಾಳೆ. ಅವರ ನೋವು ನಿಜ. ಅವರು ಮಾಡಿದ್ದು ತಪ್ಪು, ಅದೂ ನಿಜ. ಸರಣಿ ಎರಡನ್ನೂ ಹೇಳುತ್ತದೆ, ಒಂದರಿಂದ ಇನ್ನೊಂದನ್ನು ಒರೆಸುವುದಿಲ್ಲ.

ಎರಡನೇ ಭಾಗದ ಕೊನೆಗೆ ಬಂದಾಗ ನಮ್ಮ ಮನೆಯಲ್ಲಿ ಜಗಳವೇ ಆಯಿತು. ಝುಕೋ ಬದಲಾಗುತ್ತಿದ್ದಾನೆ, ದೊಡ್ಡಪ್ಪ ಐರೋ ಜೊತೆ ಚಹಾದಂಗಡಿಯಲ್ಲಿ ದುಡಿಯುತ್ತಿದ್ದಾನೆ, ಇನ್ನೇನು ಸರಿಹೋದ ಅನ್ನುವಷ್ಟರಲ್ಲಿ ತಂಗಿ ಅಝುಲಾ ಬಂದು ಮನೆಯ ಆಸೆ ತೋರಿಸುತ್ತಾಳೆ. ಅವನು ಅವಳ ಪಕ್ಷ ಸೇರುತ್ತಾನೆ. ಸಾಕಿ ಸಲಹಿದ ದೊಡ್ಡಪ್ಪ ಸೆರೆಯಾಗುತ್ತಾನೆ. ಮಗ ರಿಮೋಟ್ ಎಸೆದು ಎದ್ದುಹೋದ. ಅತ್ತೆ, “ನಾನು ಹೇಳಿದ್ದಲ್ವಾ, ಕರ್ಣ ಅಂತ. ಕೃಷ್ಣ ಬಂದು ನಿನ್ನ ಜಾಗ ಅಲ್ಲಿ ಅಂತ ಹೇಳಿದ್ರೂ ಕರ್ಣ ಹೋಗ್ಲಿಲ್ಲ” ಅಂದರು.

ಅದೇ ವಾರ ಮಗನ ಶಾಲೆಯಿಂದ ಫೋನ್ ಬಂತು. ಅವನ ಕ್ಲಾಸಿನಲ್ಲಿ ಮಾತಿನಲ್ಲಿ ತೊದಲುವ ಹುಡುಗನೊಬ್ಬನಿದ್ದಾನೆ. ಅವನಂತೆ ಮಾತಾಡಿ ವಾಯ್ಸ್ ಮೆಸೇಜ್ ಮಾಡಿ ಹುಡುಗರ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಅದರಲ್ಲಿ ಒಂದು ದನಿ ನನ್ನ ಮಗನದು. ಕೇಳಿದರೆ, “ಎಲ್ರೂ ಮಾಡ್ತಿದ್ರು ಅಮ್ಮಾ. ನಾನೇನು ಕೆಟ್ಟವನಲ್ಲ” ಅಂದ. ಚಿಕ್ಕಂದಿನಲ್ಲಿ ಆ ಹುಡುಗ ನಮ್ಮ ಮನೆಗೆ ನೀರುದೋಸೆ ತಿನ್ನಲು ಬರುತ್ತಿದ್ದ. ನಾನು ಕೂಗಾಡಿದೆ, ಫೋನ್ ಕಿತ್ತಿಟ್ಟೆ. ಎರಡು ದಿನ ಮನೆಯಲ್ಲಿ ಮಾತಿಲ್ಲ.

ಮೂರನೇ ದಿನ ಅತ್ತೆಯೇ, “ಆ ಬೊಬ್ಬೆ ಹೊಡೆಯುವವ ಏನಾದ ನೋಡ್ಬೇಕಲ್ಲ ಮಗಾ” ಎಂದು ಟಿ.ವಿ. ಹಾಕಿಸಿದರು.

ಮೂರನೇ ಭಾಗದಲ್ಲಿ ಝುಕೋಗೆ ಬೇಕಾದದ್ದೆಲ್ಲ ಸಿಕ್ಕಿದೆ: ಅರಮನೆ, ಅಪ್ಪನ ಮೆಚ್ಚುಗೆ. ಆದರೆ ಹುಡುಗನಿಗೆ ಒಂದು ಗಳಿಗೆ ನೆಮ್ಮದಿಯಿಲ್ಲ. ಕೊನೆಗೊಂದು ದಿನ ಅಪ್ಪನ ಎದುರೇ ನಿಂತು ನೀನು ಮಾಡಿದ್ದು ಕ್ರೌರ್ಯ ಎಂದು ಹೇಳಿ ಹೊರಟುಬಿಡುತ್ತಾನೆ. ಸಾಮಾನ್ಯ ಕತೆಯಾದರೆ ಇಲ್ಲಿಗೆ ಚಪ್ಪಾಳೆ. ಇಲ್ಲಿ ಹಾಗಾಗುವುದಿಲ್ಲ. ಆಂಗ್‌ನ ಗುಂಪನ್ನು ಹುಡುಕಿಕೊಂಡು ಹೋಗಿ, ಏನು ಹೇಳಬೇಕೆಂದು ಒಬ್ಬನೇ ಅಭ್ಯಾಸ ಮಾಡಿ, ಅವರ ಮುಂದೆ ತಡವರಿಸುತ್ತಾನೆ. ಅವರು ಹೊರಗಟ್ಟುತ್ತಾರೆ. ಅವನ ಪರವಾಗಿ ಮಾತಾಡಿದವಳು ಟಾಫ್ ಎಂಬ ಕುರುಡು ಹುಡುಗಿ ಒಬ್ಬಳೇ. ರಾತ್ರಿ ಅವಳು ಅವನ ಬಳಿ ಬಂದಾಗ, ಕತ್ತಲಲ್ಲಿ ಗಾಬರಿಯಾಗಿ ಅವಳ ಪಾದಗಳನ್ನೇ ಸುಡುತ್ತಾನೆ. ಒಳ್ಳೆಯವನಾಗಬೇಕು ಎಂದು ತೀರ್ಮಾನಿಸಿದ ಮಾತ್ರಕ್ಕೆ ಒಳ್ಳೆಯತನ ಕೈಗೆ ಬರುವುದಿಲ್ಲ. ಸೇರಿಸಿಕೊಂಡ ಮೇಲೂ ಕಟಾರಾ ಎಂಬ ಹುಡುಗಿ ಅವನನ್ನು ಬಹಳ ದಿನ ನಂಬುವುದಿಲ್ಲ. ನಂಬಲು ಅವಳಿಗೆ ಯಾವ ಬಲವಂತವೂ ಇಲ್ಲ.

ಆ ಕಟಾರಾಳದೇ ಇನ್ನೊಂದು ಕಂತು ನನಗೆ ಇಡೀ ಸರಣಿಯಲ್ಲಿ ಹೆಚ್ಚು ಬೆಲೆಯದ್ದು. ತಾಯಿಯನ್ನು ಕೊಂದ ಸೈನಿಕನನ್ನು ಹುಡುಕಿ ಹೋಗುತ್ತಾಳೆ. ಅವನೀಗ ನಿವೃತ್ತ, ಹೆದರುಪುಕ್ಕಲ ಮುದುಕ. ಮಂಜಿನ ಚೂರಿಗಳನ್ನು ಅವನ ಮುಖದ ಹತ್ತಿರ ತಂದು ನಿಲ್ಲಿಸುತ್ತಾಳೆ. ಕೊಲ್ಲುವುದಿಲ್ಲ. ಕ್ಷಮಿಸುವುದೂ ಇಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತಾಳೆ. ಆದರೆ ಝುಕೋನನ್ನು ಕ್ಷಮಿಸುತ್ತಾಳೆ. ಕ್ಷಮೆ ಅವಳ ಸೊತ್ತು. ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಎನ್ನುವುದು ಅವಳದೇ ಲೆಕ್ಕ.

ಮಕ್ಕಳಿಗೆ ನಾವು ‘ಸಾರಿ ಹೇಳು’ ಅನ್ನುತ್ತೇವೆ. ಹೇಳಿದ ಕೂಡಲೇ ಎದುರಿನ ಮಗುವಿಗೆ ‘ಆಯ್ತಲ್ಲ, ಇಬ್ಬರೂ ಫ್ರೆಂಡ್ಸ್ ಆಗಿ’ ಅನ್ನುತ್ತೇವೆ. ಎರಡನೆಯದನ್ನು ಹೇಳುವ ಹಕ್ಕು ನಮಗಿಲ್ಲ ಎಂದು ನನಗೆ ಹೊಳೆದದ್ದು ಒಂದು ಕಾರ್ಟೂನ್ ನೋಡುವಾಗ.

ಆ ಭಾನುವಾರ ಮಗ ತಾನಾಗಿ ಆ ಹುಡುಗನ ಮನೆಗೆ ಹೋಗಿಬಂದ. ನಾನು ಕಳಿಸಲಿಲ್ಲ. ಹಿಂತಿರುಗಿ ಚಪ್ಪಲಿ ಬಿಡುತ್ತ, “ಬಾಗಿಲು ತೆಗೆದ. ನಾನು ಮಾಡಿದ್ದೇ ತಪ್ಪು ಅಂದೆ. ಓಕೆ ಅಂದ. ಒಳಗೆ ಕರೀಲಿಲ್ಲ” ಅಂದ. ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಅತ್ತೆ ತಟ್ಟೆ ಹಾಕುತ್ತ, “ಆ ಬೊಬ್ಬೆಯವನನ್ನೂ ಮೊದಲ ದಿನ ಒಳಗೆ ಕರೆದ್ರಾ? ಊಟ ಮಾಡು” ಅಂದರು. ಇವತ್ತಿಗೂ ಆ ಹುಡುಗ ನಮ್ಮ ಮನೆಗೆ ಬಂದಿಲ್ಲ. ಶಾಲೆಯ ಬಸ್ಸಿನಲ್ಲಿ ತಲೆಯಾಡಿಸುತ್ತಾನಂತೆ.

ಇನ್ನು ಐರೋ ಬಗ್ಗೆ ಒಂದು ಮಾತು. ಚಹಾ, ತಮಾಷೆ ಎಂದು ಓಡಾಡುವ ಈ ದೊಡ್ಡಪ್ಪ ಹಿಂದೆ ಬಾ ಸಿಂಗ್ ಸೇ ಎಂಬ ಮಹಾನಗರಕ್ಕೆ 600 ದಿನ ಮುತ್ತಿಗೆ ಹಾಕಿದ್ದ ದಂಡನಾಯಕ. ಆ ಯುದ್ಧದಲ್ಲೇ ಮಗನನ್ನು ಕಳೆದುಕೊಂಡ. ಮುಂದೆ ಅದೇ ನಗರಕ್ಕೆ ನಿರಾಶ್ರಿತನಾಗಿ ಬಂದು ಅದೇ ಜನಕ್ಕೆ ಚಹಾ ಕೊಡುತ್ತಾನೆ. ಗುಡ್ಡದ ಮರದಡಿ ಮಗನ ಹುಟ್ಟುಹಬ್ಬಕ್ಕೆ ಅವನು ಒಬ್ಬನೇ ಹಾಡುವ ದೃಶ್ಯದಲ್ಲಿ ಅತ್ತೆ ಸೆರಗು ಕಣ್ಣಿಗೆ ಒತ್ತಿಕೊಂಡರು. ಐರೋಗೆ ದನಿಕೊಟ್ಟ ಹಿರಿಯ ನಟ ಮಾಕೋ 2006ರಲ್ಲಿ ತೀರಿಕೊಂಡರು. ಆ ಭಾಗವನ್ನು ಅವರಿಗೇ ಅರ್ಪಿಸಲಾಗಿದೆ. ಕೊನೆಯ ಕಂತುಗಳಲ್ಲಿ ಝುಕೋ ಕ್ಷಮೆ ಕೇಳಲು ಬಂದಾಗ, ಅವನ ಮಾತು ಮುಗಿಯುವ ಮೊದಲೇ ಐರೋ ಎಳೆದು ಅಪ್ಪಿಕೊಳ್ಳುತ್ತಾನೆ. ಹೀಗೆ ತೆರೆದುಕೊಳ್ಳುವ ಬಾಗಿಲೂ ಇರುತ್ತದೆ. ಆದರೆ ಅದು ಐರೋನ ದೊಡ್ಡತನ, ಝುಕೋನ ಹಕ್ಕಲ್ಲ.

ನೋಡುವುದಾದರೆ 2010ರ ಸಿನಿಮಾ ಬಿಟ್ಟು, ಚಿತ್ರದಲ್ಲಿ ಬಿಡಿಸಿದ ಈ ಮೂಲ ಸರಣಿಯನ್ನೇ ನೋಡಿ. ಎಂಟು ಒಂಬತ್ತು ವರ್ಷದ ಮೇಲಿನ ಮಕ್ಕಳ ಜೊತೆ ಕೂತು ನೋಡಿ. ಮನೆಯಲ್ಲಿ ತಾಳಮದ್ದಲೆ ಕೇಳಿದ ಹಿರಿಯರಿದ್ದರೆ ಅವರನ್ನೂ ಕರೆಯಿರಿ. ನಮ್ಮ ಅತ್ತೆಯವರ ಕೊನೆಯ ತೀರ್ಪು ಹೀಗಿದೆ: “ಕರ್ಣ ಅಲ್ಲ ಇವ. ಕರ್ಣ ಗೊತ್ತಿದ್ದೂ ಅಲ್ಲೇ ಉಳಿದ. ಇವ ತಡವಾದ್ರೂ ಎದ್ದು ಬಂದ.”